ಎಷ್ಟು ತಪ್ಪಿದರೆ ಸರಿ?

ಮನೆಯ ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾಗಿ ಆವಿ ಸೋರತೊಡಗಿದರೆ ನೀವೇನು ಮಾಡುತ್ತೀರಿ? ಪಾತ್ರೆ ಅಂಗಡಿಗೆ ಹೋಗಿ ಕುಕ್ಕರಿನ ಕಂಪನಿ ಯಾವುದು, ಎಷ್ಟು ಲೀಟರಿನದು ಎಂದು ಹೇಳಿ ಹೊಸ ಗ್ಯಾಸ್ಕೆಟ್ ತರುತ್ತೀರಿ. ಅದು ಮುಚ್ಚಳಕ್ಕೆ ಸರಿಯಾಗಿ ಕೂರುತ್ತದೆ. ಕುಕ್ಕರ್ ತಯಾರಾಗಿ ಹತ್ತು ವರ್ಷವಾಗಿರಬಹುದು. ಗ್ಯಾಸ್ಕೆಟ್ ತಯಾರಾದದ್ದು ಕಳೆದ ತಿಂಗಳಿರಬಹುದು. ಒಂದನ್ನು ಮಾಡಿದವರು ಇನ್ನೊಂದನ್ನು ಕಂಡೇ ಇಲ್ಲ. ಆದರೂ ಎರಡೂ ಒಂದಕ್ಕೊಂದು ಹೊಂದುತ್ತವೆ.

ಇದು ತಾನಾಗಿ ಆಗುವ ಸಂಗತಿಯಲ್ಲ. ಇದರ ಹಿಂದೆ ಯಾಂತ್ರಿಕ ವಿನ್ಯಾಸ ಎಂಜಿನಿಯರ್ ಒಬ್ಬರ ಕೆಲಸ ಇರುತ್ತದೆ. ಗಣಕದ ಮುಂದೆ ಕುಳಿತು ಯಂತ್ರದ ಚಿತ್ರ ಬರೆಯುವವರು ಎಂದು ಅವರ ಬಗ್ಗೆ ಹಲವರ ಎಣಿಕೆ. ಚಿತ್ರ ಬರೆಯುವುದು ಆ ಕೆಲಸದ ಒಂದು ಭಾಗ ಮಾತ್ರ. ಚಿತ್ರದಲ್ಲಿರುವ ಪ್ರತಿಯೊಂದು ಅಳತೆಯೂ ಎಷ್ಟಿರಬೇಕು, ಅದಕ್ಕಿಂತ ಮುಖ್ಯವಾಗಿ ಅದು ಎಷ್ಟು ತಪ್ಪಿದರೂ ನಡೆಯುತ್ತದೆ ಎಂದು ತೀರ್ಮಾನಿಸುವುದು ಅವರ ನಿಜವಾದ ಹೊಣೆ. ಆ ತೀರ್ಮಾನ ಹೇಗೆ ನಡೆಯುತ್ತದೆ ಎಂದು ಇಲ್ಲಿ ನೋಡೋಣ.

ಅಗತ್ಯದಿಂದ ಅಂಕಿಗೆ

ವಿನ್ಯಾಸ ಶುರುವಾಗುವುದು ಅಗತ್ಯದಿಂದ. ಕುಕ್ಕರಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಬದಲಾಗಿ ಸುಮಾರು 120 ಡಿಗ್ರಿಯಲ್ಲಿ ಕುದಿಯಬೇಕು, ಆಗ ಬೇಳೆ ಬೇಗ ಬೇಯುತ್ತದೆ. ಇದು ಅಗತ್ಯ. ಇದಕ್ಕಾಗಿ ಒಳಗಿನ ಒತ್ತಡ ಹೊರಗಿನ ವಾಯು ಒತ್ತಡಕ್ಕಿಂತ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ತೂಕದಷ್ಟು ಹೆಚ್ಚಾಗಿರಬೇಕು. ಅಗತ್ಯ ಈಗ ಅಂಕಿಯಾಯಿತು.

ಈ ಅಂಕಿಯಿಂದ ಉಳಿದವು ಹುಟ್ಟುತ್ತವೆ. ಮುಚ್ಚಳದ ವ್ಯಾಸ 20 ಸೆಂ.ಮೀ. ಎಂದುಕೊಂಡರೆ ಅದರ ವಿಸ್ತೀರ್ಣ ಸುಮಾರು 314 ಚದರ ಸೆಂ.ಮೀ. ಅಂದರೆ ಒಲೆಯ ಮೇಲಿರುವಾಗ ಮುಚ್ಚಳವನ್ನು ಮೇಲಕ್ಕೆ ನೂಕುವ ಬಲ 314 ಕಿ.ಗ್ರಾಂ. ತೂಕಕ್ಕೆ ಸಮ! ಐದಾರು ಮಂದಿ ವಯಸ್ಕರ ಒಟ್ಟು ತೂಕ ಅದು. ಈ ಬಲವನ್ನು ಹಿಡಿದಿಡುವುದು ಹೇಗೆ? ಕೆಲವು ಕುಕ್ಕರುಗಳಲ್ಲಿ ಮುಚ್ಚಳವನ್ನು ಪಾತ್ರೆಯ ಒಳಗಿನಿಂದ ಕೂರಿಸುತ್ತಾರೆ. ಒತ್ತಡ ಹೆಚ್ಚಿದಷ್ಟೂ ಅದು ಪಾತ್ರೆಯ ಅಂಚಿಗೆ ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಒತ್ತಡ ಇಳಿಯುವ ತನಕ ತೆಗೆಯಲು ಯತ್ನಿಸಿದರೂ ಅದು ಬರುವುದಿಲ್ಲ. ಅಪಾಯ ತರುವ ಬಲವನ್ನೇ ರಕ್ಷಣೆಗೆ ಬಳಸಿಕೊಂಡ ಉಪಾಯವಿದು.

ಇನ್ನು ಪಾತ್ರೆಯ ಗೋಡೆ. ವ್ಯಾಸ 200 ಮಿ.ಮೀ., ದಪ್ಪ 3 ಮಿ.ಮೀ. ಇರುವ ಗೋಡೆಯಲ್ಲಿ ಈ ಒತ್ತಡದಿಂದ ಉಂಟಾಗುವ ಪೀಡನ, ಎಂದರೆ ಪ್ರತಿ ಚದರ ಮಿಲಿಮೀಟರಿಗೆ ಬೀಳುವ ಬಲ, ಸುಮಾರು 3.3 ನ್ಯೂಟನ್ ಮಾತ್ರ. ಅಲ್ಯೂಮಿನಿಯಮ್ ಇದರ ಹಲವು ಪಟ್ಟು ತಡೆದುಕೊಳ್ಳಬಲ್ಲದು. ಹಾಗಾದರೆ ಅಷ್ಟು ದಪ್ಪ ಏಕೆ? ಕುಕ್ಕರ್ ಕೈಜಾರಿ ನೆಲಕ್ಕೆ ಬೀಳುತ್ತದೆ. ಅಂಚು ನೆಗ್ಗಿದರೆ ಗ್ಯಾಸ್ಕೆಟ್ ಕೂರುವುದಿಲ್ಲ. ಹುಣಸೆಹುಳಿ, ಉಪ್ಪು, ದಿನವೂ ತಿಕ್ಕುವ ನಾರು ಲೋಹವನ್ನು ಸವೆಸುತ್ತವೆ. ಶಾಖ ತಳದಲ್ಲೆಲ್ಲ ಸಮನಾಗಿ ಹರಡಬೇಕು. ಆವಿಯ ದಾರಿ ಅನ್ನದ ಅಗುಳಿನಿಂದ ಕಟ್ಟಿಕೊಂಡರೆ ಒತ್ತಡ ಲೆಕ್ಕ ಮೀರಿ ಏರುತ್ತದೆ. ಸೂತ್ರ ಹೇಳುವ ಬಲದ ಜೊತೆಗೆ ಬಳಸುವವರ ಕೈಯಲ್ಲಿ ವಸ್ತು ಅನುಭವಿಸುವ ಪಾಡನ್ನೂ ವಿನ್ಯಾಸಕಾರರು ಊಹಿಸಬೇಕು. ಲೆಕ್ಕಕ್ಕೆ ಸಿಕ್ಕದ ಇಂಥ ಸಂಗತಿಗಳಿಗಾಗಿ ಇಡುವ ಹೆಚ್ಚುವರಿ ಬಲವೇ 'ಸುರಕ್ಷಾ ಅಂಶ'.

ಯಾವ ಅಳತೆಯೂ ಪೂರ್ಣ ನಿಖರವಲ್ಲ

ಆವಿ ಹೊರಬರುವ ತೂತಿನ ಮೇಲೆ ಕೂರುವ ತೂಕವನ್ನು ಗಮನಿಸಿ. ತೂತಿನ ವ್ಯಾಸ 3 ಮಿ.ಮೀ. ಇದ್ದರೆ ವಿಸ್ತೀರ್ಣ ಸುಮಾರು 0.07 ಚದರ ಸೆಂ.ಮೀ. ಆದ್ದರಿಂದ ಅದರ ಮೇಲೆ 70 ಗ್ರಾಂ ತೂಕ ಇಟ್ಟರೆ ಒತ್ತಡ ಚದರ ಸೆಂಟಿಮೀಟರಿಗೆ 1 ಕಿ.ಗ್ರಾಂ. ತಲಪಿದಾಗ ತೂಕ ಎದ್ದು ಸೀಟಿ ಕೇಳಿಸುತ್ತದೆ. (ನಿಜವಾದ ಕವಾಟದಲ್ಲಿ ಲೆಕ್ಕ ಇನ್ನಷ್ಟು ಸೂಕ್ಷ್ಮವಾಗಿರುತ್ತದೆ. ತತ್ತ್ವ ಮಾತ್ರ ಇದೇ.)

ತೂತು ಕೊರೆಯುವಾಗ ವ್ಯಾಸ 3 ಮಿ.ಮೀ. ಬದಲು 3.3 ಮಿ.ಮೀ. ಆಯಿತೆನ್ನಿ. ಒತ್ತಡ ಸುಮಾರು 0.8ಕ್ಕೆ ತಲಪಿದಾಗಲೇ ಸೀಟಿ ಬರುತ್ತದೆ, ಬೇಳೆ ಅರೆಬೆಂದಿರುತ್ತದೆ. 2.7 ಮಿ.ಮೀ. ಆದರೆ ಒತ್ತಡ 1.2ಕ್ಕೆ ಏರುತ್ತದೆ. ವ್ಯಾಸದಲ್ಲಿ ಶೇಕಡ 10ರ ತಪ್ಪು ಒತ್ತಡದಲ್ಲಿ ಸುಮಾರು ಶೇಕಡ 20ರ ತಪ್ಪಾಗುತ್ತದೆ, ಏಕೆಂದರೆ ವಿಸ್ತೀರ್ಣ ವ್ಯಾಸದ ವರ್ಗವನ್ನು ಅನುಸರಿಸುತ್ತದೆ.

ಹಾಗಾದರೆ 'ಸರಿಯಾಗಿ 3 ಮಿ.ಮೀ. ತೂತು ಕೊರೆಯಿರಿ' ಎಂದರೆ ಆಯಿತಲ್ಲ? ಆಗದು. ಕೊರೆಯುವ ಉಳಿ ಸವೆಯುತ್ತದೆ, ಯಂತ್ರ ಅದುರುತ್ತದೆ, ಲೋಹ ಬಿಸಿಯಾಗುತ್ತದೆ, ಅಳೆಯುವ ಉಪಕರಣಕ್ಕೂ ಮಿತಿ ಇದೆ. ಒಂದೇ ಯಂತ್ರದಲ್ಲಿ ಒಬ್ಬರೇ ಮಾಡಿದ ಎರಡು ಬಿಡಿಭಾಗಗಳೂ ಪೂರ್ಣ ಒಂದೇ ಆಗಿರುವುದಿಲ್ಲ. ಆದ್ದರಿಂದ ನಕ್ಷೆಯಲ್ಲಿ '3 ಮಿ.ಮೀ.' ಎಂದಷ್ಟೇ ಬರೆಯದೆ, 'ಹೆಚ್ಚೂಕಡಿಮೆ 0.05 ಮಿ.ಮೀ.' ಎಂದೂ ಬರೆಯುತ್ತಾರೆ. ಆಗ ತೂತು 2.95ರಿಂದ 3.05ರ ನಡುವೆ ಎಲ್ಲಿದ್ದರೂ ಒಪ್ಪಿಗೆ. ಒತ್ತಡದ ವ್ಯತ್ಯಾಸ ಶೇಕಡ 3-4ರೊಳಗೇ ನಿಲ್ಲುತ್ತದೆ. ಹೀಗೆ ಒಪ್ಪಿಕೊಳ್ಳುವ ವ್ಯತ್ಯಾಸಕ್ಕೆ ಕಾರ್ಖಾನೆಗಳಲ್ಲಿ ಎಲ್ಲರೂ ಬಳಸುವ ಮಾತು 'ಟಾಲರೆನ್ಸ್'. ಕನ್ನಡದಲ್ಲಿ ಸಹ್ಯಮಿತಿ ಎನ್ನಬಹುದು.

ಈ ಯೋಚನೆಗೆ ದೀರ್ಘ ಇತಿಹಾಸವಿದೆ. ಹಿಂದೆ ಕುಶಲಕರ್ಮಿ ಪ್ರತಿ ಭಾಗವನ್ನೂ ಇನ್ನೊಂದಕ್ಕೆ ಹೊಂದುವ ತನಕ ಅರದಿಂದ ಉಜ್ಜಿ ಕೂರಿಸುತ್ತಿದ್ದ. ಒಂದು ಬಂದೂಕಿನ ಭಾಗ ಮತ್ತೊಂದಕ್ಕೆ ಆಗುತ್ತಿರಲಿಲ್ಲ. 1785ರಲ್ಲಿ ಫ್ರಾನ್ಸಿನ ಹೊನೊರೆ ಬ್ಲಾಂಕ್ ಹಲವು ಬಂದೂಕುಗಳ ಕುದುರೆಯ ಭಾಗಗಳನ್ನು ಬಿಚ್ಚಿ, ಬೆರೆಸಿ ಇಟ್ಟ. ಅಲ್ಲಿಗೆ ಬಂದಿದ್ದ ಅಮೆರಿಕದ ರಾಯಭಾರಿ ಥಾಮಸ್ ಜೆಫರ್ಸನ್ ಕೈಗೆ ಬಂದ ಭಾಗಗಳನ್ನೇ ಎತ್ತಿ ಜೋಡಿಸಿದ, ಅವು ಹೊಂದಿದವು. ಯಾವ ಭಾಗಕ್ಕೆ ಯಾವುದಾದರೂ ಸರಿ ಎಂಬ ಈ ಅದಲುಬದಲಿನ ಗುಣವೇ ಇಂದಿನ ಕೈಗಾರಿಕೆಯ ತಳಹದಿ.

ಸಡಿಲವೋ, ಬಿಗಿಯೋ?

ಎರಡು ಭಾಗಗಳು ಸೇರುವಲ್ಲಿ ಲೆಕ್ಕ ಮತ್ತಷ್ಟು ಸ್ವಾರಸ್ಯಕರ. ನೀರೆತ್ತುವ ಪಂಪಿನಲ್ಲಿ 25 ಮಿ.ಮೀ. ವ್ಯಾಸದ ಶಾಫ್ಟ್ ಒಂದು ಬುಷ್‌ನೊಳಗೆ ತಿರುಗಬೇಕು ಎಂದುಕೊಳ್ಳಿ. ಎರಡೂ ಸರಿಯಾಗಿ 25 ಮಿ.ಮೀ. ಇದ್ದರೆ ಎಣ್ಣೆಯ ಪದರಕ್ಕೆ ಎಡೆಯೇ ಇರುವುದಿಲ್ಲ, ಶಾಫ್ಟ್ ಕಚ್ಚಿಕೊಳ್ಳುತ್ತದೆ. ತುಂಬ ಸಡಿಲವಾದರೆ ಅದುರಿ ಬೇಗ ಸವೆಯುತ್ತದೆ.

ಇಂಥ ಜೋಡಣೆಗಳಿಗಾಗಿ ಅಂತಾರಾಷ್ಟ್ರೀಯ ಪದ್ಧತಿಯೊಂದಿದೆ. ಭಾರತೀಯ ಮಾನಕ 919 ಅದನ್ನೇ ಅನುಸರಿಸುತ್ತದೆ. ಅದರಲ್ಲಿ 'ಎಚ್7' ಎಂದು ಗುರುತಿಸಿದ 25 ಮಿ.ಮೀ. ರಂಧ್ರ 25.000ರಿಂದ 25.021 ಮಿ.ಮೀ. ತನಕ ಇರಬಹುದು. 'ಎಫ್7' ಎಂಬ ಶಾಫ್ಟ್ 24.959ರಿಂದ 24.980ರ ತನಕ. ರಾಶಿಯಿಂದ ಯಾವ ಬುಷ್ ತೆಗೆದು ಯಾವ ಶಾಫ್ಟಿಗೆ ಹಾಕಿದರೂ ನಡುವೆ ಕನಿಷ್ಠ 0.020, ಗರಿಷ್ಠ 0.062 ಮಿ.ಮೀ. ಎಡೆ ಉಳಿದೇ ಉಳಿಯುತ್ತದೆ. ಶಾಫ್ಟ್ ತಿರುಗುತ್ತದೆ. ಅದೇ ರಂಧ್ರಕ್ಕೆ 'ಪಿ6' ದರ್ಜೆಯ ಶಾಫ್ಟ್ ಕೊಟ್ಟರೆ ಅದರ ವ್ಯಾಸ 25.022ರಿಂದ 25.035. ಅಂದರೆ ಶಾಫ್ಟ್ ರಂಧ್ರಕ್ಕಿಂತ ಯಾವಾಗಲೂ ತುಸು ದೊಡ್ಡದು. ಯಂತ್ರದಿಂದ ಒತ್ತಿ ಕೂರಿಸಿದರೆ ಬೆಸುಗೆ, ಬೋಲ್ಟು ಏನೂ ಇಲ್ಲದೆ ಬಿಗಿಯಾಗಿ ನಿಲ್ಲುತ್ತದೆ. ತಿರುಗುವ ಜೋಡಣೆಗೂ ಅಲುಗದ ಜೋಡಣೆಗೂ ಇರುವ ಅಂತರ ನಮ್ಮ ತಲೆಗೂದಲಿನ ದಪ್ಪದಷ್ಟೂ ಇಲ್ಲ ಎಂಬುದನ್ನು ಗಮನಿಸಿ.

ಇಷ್ಟು ಸೂಕ್ಷ್ಮ ಅಳತೆಯಲ್ಲಿ ಹವೆಯೂ ಕೈಯಾಡಿಸುತ್ತದೆ. ಪ್ರಪಂಚದಾದ್ಯಂತ ನಕ್ಷೆಯ ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಅನ್ವಯ. ರಾಯಚೂರಿನ ಬೇಸಿಗೆಯಲ್ಲಿ ಕಾರ್ಖಾನೆಯೊಳಗೆ 40 ಡಿಗ್ರಿ ಇದ್ದರೆ 100 ಮಿ.ಮೀ. ಉದ್ದದ ಅಲ್ಯೂಮಿನಿಯಮ್ ತುಂಡು 0.046 ಮಿ.ಮೀ.ನಷ್ಟು ಹಿಗ್ಗಿರುತ್ತದೆ. ಆ ಗಾತ್ರದ 'ಎಚ್7' ರಂಧ್ರಕ್ಕೆ ಕೊಟ್ಟಿರುವ ಒಟ್ಟು ಅವಕಾಶವೇ 0.035 ಮಿ.ಮೀ. ಅಳೆಯುವ ಉಕ್ಕಿನ ಉಪಕರಣವೂ ಹಿಗ್ಗುತ್ತದೆ, ಆದರೆ ಅರ್ಧದಷ್ಟು ಮಾತ್ರ. ನಿಖರ ಅಳತೆಯ ಕೋಣೆಗಳನ್ನು ಹವಾನಿಯಂತ್ರಣದಲ್ಲಿ ಇಡುವುದು ಇದೇ ಕಾರಣಕ್ಕೆ.

ಒಂದೊಂದು ದಶಾಂಶಕ್ಕೂ ಬೆಲೆ

ಹೊಸದಾಗಿ ಕೆಲಸಕ್ಕೆ ಸೇರಿದ ಎಂಜಿನಿಯರ್ ಎಲ್ಲ ಅಳತೆಗಳಿಗೂ ಬಿಗಿಯಾದ ಸಹ್ಯಮಿತಿ ಹಾಕಲು ಹೊರಡುವುದುಂಟು. ಬಿಗಿಯಾದಷ್ಟೂ ಒಳ್ಳೆಯದಲ್ಲವೇ? ಅಲ್ಲ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದ ಭಾಗ ಅರ್ಧ ಮಿಲಿಮೀಟರಿನಷ್ಟು ಆಚೀಚೆ ಆಗುವುದು ಸಹಜ. ಅದನ್ನೇ ಲೇತ್ ಯಂತ್ರದಲ್ಲಿ ತುರಿದರೆ ನೂರರಲ್ಲಿ ಕೆಲವು ಭಾಗದಷ್ಟು ನಿಖರತೆ ಸಿಗುತ್ತದೆ. ಸಾಣೆಯಂತ್ರದಲ್ಲಿ ಉಜ್ಜಿದರೆ ಮೈಕ್ರಾನ್‌ಗಳ ಲೆಕ್ಕ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಪ್ರತಿ ಮೆಟ್ಟಿಲಿಗೂ ಹೊಸ ಯಂತ್ರ, ಹೆಚ್ಚು ಸಮಯ, ಹೆಚ್ಚು ತಪಾಸಣೆ, ಹೆಚ್ಚು ತಿರಸ್ಕೃತ ಮಾಲು. ಕುಕ್ಕರಿನ ಹಿಡಿಯ ಉದ್ದಕ್ಕೆ ಮೈಕ್ರಾನ್ ಲೆಕ್ಕದ ಸಹ್ಯಮಿತಿ ಬರೆದರೆ ಅಡುಗೆಗೆ ಏನೂ ಲಾಭವಿಲ್ಲ. ಬೆಲೆ ಮಾತ್ರ ಏರುತ್ತದೆ. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಬೇರ್ಪಡಿಸುವುದೇ ವಿವೇಕ.

ಹಲವು ಭಾಗಗಳು ಸಾಲಾಗಿ ಸೇರಿದಾಗ ತಪ್ಪುಗಳೂ ಸೇರುತ್ತವೆ. 10 ಮಿ.ಮೀ. ದಪ್ಪದ ಐದು ಬಿಲ್ಲೆಗಳನ್ನು ಒಂದರ ಮೇಲೊಂದು ಇಡಿ. ಪ್ರತಿಯೊಂದೂ 0.1 ಮಿ.ಮೀ. ಹೆಚ್ಚು ಅಥವಾ ಕಡಿಮೆ ಇರಬಹುದಾದರೆ ಒಟ್ಟು ಎತ್ತರ 49.5ರಿಂದ 50.5ರ ತನಕ ಬದಲಾಗಬಹುದು. ಆದರೆ ಐದೂ ಒಟ್ಟಿಗೆ ಅತಿ ದಪ್ಪ ಅಥವಾ ಅತಿ ತೆಳು ಇರುವ ಸಂಭವ ತೀರ ಕಡಿಮೆ. ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದೆ, ಮಧ್ಯದ ಅಳತೆಯ ಸುತ್ತ ಸಮನಾಗಿ ಹರಡಿದ್ದರೆ, ಬಹುಪಾಲು ರಾಶಿಗಳು 50ರ ಆಚೀಚೆ ಸುಮಾರು 0.22 ಮಿ.ಮೀ. ಒಳಗೇ ಬರುತ್ತವೆ ಎಂದು ಸಂಖ್ಯಾಶಾಸ್ತ್ರ ಹೇಳುತ್ತದೆ. ಕುರ್ಚಿಯಂಥ ವಸ್ತುವಿಗೆ ಈ ಸಂಭವದ ಲೆಕ್ಕ ಸಾಕು. ಬ್ರೇಕಿನಂಥ ಭಾಗಕ್ಕೆ ಅತಿ ಕೆಟ್ಟ ಸಂದರ್ಭವನ್ನೇ ಹಿಡಿದು ಲೆಕ್ಕ ಹಾಕಬೇಕು.

ನಕ್ಷೆಯಿಂದ ಕಾರ್ಖಾನೆಗೆ

ಗಣಕದ ಪರದೆಯ ಮೇಲೆ ಯಾವ ಆಕಾರವನ್ನಾದರೂ ಬರೆಯಬಹುದು. ಆದರೆ ಅದನ್ನು ಲೋಹದಲ್ಲಿ ಮಾಡುವವರು ಇದ್ದಾರೆ. ಎರಕದ ಅಚ್ಚಿನಿಂದ ಮಾದರಿಯನ್ನು ಮೇಲೆತ್ತಬೇಕಾದರೆ ಅದರ ಬದಿಗಳು ತುಸು ಓರೆಯಾಗಿರಬೇಕು. ನೆಟ್ಟಗಿದ್ದರೆ ಮರಳು ಕಿತ್ತುಬರುತ್ತದೆ. ಒಂದೆಡೆ ತೀರ ದಪ್ಪ, ಪಕ್ಕದಲ್ಲೇ ತೀರ ತೆಳುವಾದ ಗೋಡೆ ಇದ್ದರೆ ತೆಳುಭಾಗ ಮೊದಲು ಗಟ್ಟಿಯಾಗಿ, ದಪ್ಪಭಾಗ ಆರುವಾಗ ಕುಗ್ಗಿ ಒಳಗೆ ಪೊಳ್ಳಾಗುತ್ತದೆ. ಬೋಲ್ಟ್ ತೋರಿಸಿರುತ್ತಾರೆ, ಅದನ್ನು ತಿರುಗಿಸುವ ಸ್ಪ್ಯಾನರಿಗೆ ಜಾಗವೇ ಇರುವುದಿಲ್ಲ! ಬೆಳಗಾವಿಯ ಎರಕದ ಕಾರ್ಖಾನೆಯಲ್ಲಿ, ಪೀಣ್ಯದ ಲೇತ್ ಶೆಡ್ಡಿನಲ್ಲಿ ವರ್ಷಗಟ್ಟಲೆ ದುಡಿದ ಕೆಲಸಗಾರರಿಗೆ ನಕ್ಷೆ ನೋಡಿದೊಡನೆ ಇವು ಹೊಳೆಯುತ್ತವೆ. ಅವರ ಮಾತನ್ನು ಮೊದಲೇ ಕೇಳುವ ವಿನ್ಯಾಸಕಾರರಿಗೆ ಅರ್ಧ ತೊಂದರೆ ತಪ್ಪುತ್ತದೆ.

ಮೂಲೆಗಳ ವಿಷಯದಲ್ಲೂ ಎಚ್ಚರ ಬೇಕು. ಎಳೆತಕ್ಕೆ ಸಿಕ್ಕ ಅಗಲವಾದ ತಗಡಿನಲ್ಲಿ ಚಿಕ್ಕದೊಂದು ದುಂಡು ತೂತು ಇದ್ದರೆ ಅದರ ಅಂಚಿನಲ್ಲಿ ಪೀಡನ ಮೂರು ಪಟ್ಟಾಗುತ್ತದೆ. ಚೂಪಾದ ಮೂಲೆ ಇದ್ದರೆ ಇನ್ನೂ ಹೆಚ್ಚು. ಮತ್ತೆ ಮತ್ತೆ ಬಲ ಬಿದ್ದಾಗ ಅಲ್ಲೇ ಸಣ್ಣ ಬಿರುಕು ಹುಟ್ಟಿ ಬೆಳೆಯುತ್ತದೆ. ಒಂದು ದಿನ ಸಾಮಾನ್ಯ ಬಲಕ್ಕೇ ಭಾಗ ಮುರಿಯುತ್ತದೆ. ಇದನ್ನು ಲೋಹದ ದಣಿವು ಎನ್ನುತ್ತಾರೆ. ಒಳಮೂಲೆಗಳನ್ನು ದುಂಡಗೆ ಮಾಡುವುದು ಅಂದಕ್ಕಲ್ಲ, ಆಯುಷ್ಯಕ್ಕೆ.

ಚಿಕ್ಕ ಬದಲಾವಣೆ, ದೊಡ್ಡ ದುರಂತ

ತಯಾರಿಕೆಗೆ ಸುಲಭವಾಗಲಿ ಎಂದು ನಕ್ಷೆಯನ್ನು ಬದಲಿಸುವುದು ದಿನನಿತ್ಯದ ಸಂಗತಿ. ಅದರಲ್ಲಿ ತಪ್ಪಿಲ್ಲ. ಆದರೆ ಪ್ರತಿ ಬದಲಾವಣೆಯ ನಂತರವೂ ಲೆಕ್ಕವನ್ನು ಮತ್ತೆ ಹಾಕಬೇಕು. ಹಾಕದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಟ್ಟಡ ನಿರ್ಮಾಣ ಕ್ಷೇತ್ರದ ಒಂದು ಘಟನೆಯನ್ನು ಯಾಂತ್ರಿಕ ಎಂಜಿನಿಯರುಗಳೂ ಓದುತ್ತಾರೆ.

ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನ ಎತ್ತರದ ಅಂಗಳದಲ್ಲಿ ನಾಲ್ಕನೆಯ ಮತ್ತು ಎರಡನೆಯ ಅಂತಸ್ತಿನ ಕಾಲುಸೇತುವೆಗಳು ಒಂದರ ಕೆಳಗೊಂದು ತೂಗಾಡುತ್ತಿದ್ದವು. ಮೂಲ ನಕ್ಷೆಯಲ್ಲಿ ಚಾವಣಿಯಿಂದ ಇಳಿದ ಉಕ್ಕಿನ ಸರಳುಗಳು ಮೇಲಿನ ಸೇತುವೆಯ ತೊಲೆಯನ್ನು ಹಾದು ಕೆಳಗಿನ ಸೇತುವೆಯ ತನಕ ಅಖಂಡವಾಗಿದ್ದವು. ಪ್ರತಿ ಸೇತುವೆಯೂ ತನ್ನದೇ ನಟ್ಟಿನ ಮೇಲೆ ಕೂರಬೇಕಿತ್ತು. ಆದರೆ ಮೇಲಿನ ನಟ್ಟನ್ನು ಅದರ ಜಾಗಕ್ಕೆ ಏರಿಸಬೇಕಾದರೆ ಉದ್ದ ಸರಳಿನ ಕೆಳಗಿನ ಭಾಗಕ್ಕೆಲ್ಲ ಮರೆ ಕೊರೆಯಬೇಕಿತ್ತು. ಅದು ಕಷ್ಟವೆಂದು ಸರಳನ್ನು ಎರಡಾಗಿ ಮಾಡಲಾಯಿತು: ಒಂದು ಚಾವಣಿಯಿಂದ ಮೇಲಿನ ಸೇತುವೆಗೆ, ಇನ್ನೊಂದು ಮೇಲಿನ ಸೇತುವೆಯ ತೊಲೆಯಿಂದ ಕೆಳಗಿನ ಸೇತುವೆಗೆ.

ನೋಡಲು ವ್ಯತ್ಯಾಸವೇ ಇಲ್ಲ. ಆದರೆ ಹೀಗೆ ಯೋಚಿಸಿ. ಬಾವಿಗೆ ಇಳಿಬಿಟ್ಟ ಒಂದು ಹಗ್ಗವನ್ನು ಇಬ್ಬರು ಬೇರೆ ಬೇರೆ ಎತ್ತರದಲ್ಲಿ ಹಿಡಿದು ಜೋತಾಡುತ್ತಿದ್ದಾರೆ. ಪ್ರತಿಯೊಬ್ಬರ ಕೈಗೂ ತಮ್ಮ ತಮ್ಮ ಭಾರವಷ್ಟೇ. ಈಗ ಕೆಳಗಿನವರು ಹಗ್ಗ ಬಿಟ್ಟು ಮೇಲಿನವರ ಕಾಲು ಹಿಡಿದುಕೊಂಡರೆ? ಹಗ್ಗಕ್ಕೆ ಭಾರ ಮೊದಲಿನಷ್ಟೇ. ಮೇಲಿನವರ ಕೈಗೆ ಎರಡರಷ್ಟು. ಮೇಲಿನ ಸೇತುವೆಯ ತೊಲೆಗೂ ನಟ್ಟಿಗೂ ಆದದ್ದು ಇದೇ. ಎಂಜಿನಿಯರುಗಳ ಒಪ್ಪಿಗೆ ಪಡೆದ ಆ ಬದಲಾವಣೆಯ ಬಲವನ್ನು ಯಾರೂ ಮತ್ತೆ ಲೆಕ್ಕ ಹಾಕಿರಲಿಲ್ಲ.

1981ರ ಜುಲೈ 17ರ ಸಂಜೆ ಅಂಗಳದಲ್ಲಿ ಜನ ತುಂಬಿದ್ದಾಗ ಎರಡೂ ಸೇತುವೆಗಳು ಕುಸಿದವು. 114 ಮಂದಿ ಸತ್ತರು, 200ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಮೂಲ ನಕ್ಷೆಯ ಜೋಡಣೆಯೇ ನಿಯಮ ಕೇಳುವ ಬಲದ ಶೇಕಡ 60ರಷ್ಟು ಮಾತ್ರ ತಡೆಯುವಂತಿತ್ತು, ಬದಲಾವಣೆಯ ನಂತರ ಅದು ಶೇಕಡ 30ಕ್ಕೆ ಇಳಿದಿತ್ತು ಎಂದು ತನಿಖೆಯಲ್ಲಿ ತಿಳಿಯಿತು. ಹೊಣೆ ಹೊತ್ತಿದ್ದ ಎಂಜಿನಿಯರುಗಳು ಆ ರಾಜ್ಯದಲ್ಲಿ ಕೆಲಸ ಮಾಡುವ ಪರವಾನಗಿ ಕಳೆದುಕೊಂಡರು. ಇಂದು ಒಳ್ಳೆಯ ಕಾರ್ಖಾನೆಗಳಲ್ಲಿ ನಕ್ಷೆಯ ಒಂದು ಗೆರೆ ಬದಲಿಸಬೇಕಾದರೂ ಬದಲಾವಣೆಯ ಪತ್ರ ಬರೆದು, ಕಾರಣ ತಿಳಿಸಿ, ಲೆಕ್ಕ ಪರಿಶೀಲಿಸಿ, ಸಹಿ ಪಡೆಯಬೇಕು. ಕಾಗದದ ಕಿರಿಕಿರಿ ಎನಿಸುವ ಈ ಕ್ರಮದ ಬೆಲೆ ಏನೆಂದು ಆ ಸಂಜೆ ಹೇಳುತ್ತದೆ.

ತಪ್ಪು ಮಾಡಲು ಎಡೆಯಿಲ್ಲದಂತೆ

ಜೋಡಿಸುವವರಿಗೆ, ಬಳಸುವವರಿಗೆ ತಪ್ಪು ಮಾಡಲು ಅವಕಾಶವೇ ಇಲ್ಲದಂತೆ ಆಕಾರ ಕೊಡುವುದು ಇನ್ನೊಂದು ಜಾಣತನ. ಮೊಬೈಲಿನ ಸಿಮ್ ಕಾರ್ಡಿನ ಒಂದು ಮೂಲೆ ಕತ್ತರಿಸಿರುವುದರಿಂದ ಅದು ಒಂದೇ ರೀತಿಯಲ್ಲಿ ಸರಿಯಾಗಿ ಕೂರುತ್ತದೆ. ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಭೂಸಂಪರ್ಕದ ಕಡ್ಡಿ ದಪ್ಪ, ಉದ್ದ. ದಪ್ಪವಾದ್ದರಿಂದ ಬೇರೆ ತೂತಿಗೆ ಹೋಗದು. ಉದ್ದವಾದ್ದರಿಂದ ವಿದ್ಯುತ್ತಿಗಿಂತ ಮೊದಲೇ ಭೂಸಂಪರ್ಕ ಸಿಗುತ್ತದೆ. ಜಪಾನಿನ ಷಿಗೆಒ ಷಿಂಗೊ 1960ರ ದಶಕದಲ್ಲಿ ಕಾರ್ಖಾನೆಗಳಲ್ಲಿ ಈ ವಿಧಾನವನ್ನು 'ಪೋಕಾ ಯೋಕೆ' ಎಂಬ ಹೆಸರಿನಲ್ಲಿ ಬೆಳೆಸಿದ. ಕೆಲಸಗಾರನನ್ನು ಬೈಯುವುದಕ್ಕಿಂತ ಭಾಗದ ಆಕಾರ ತಿದ್ದುವುದು ಮೇಲು ಎಂಬುದು ಅದರ ತಿರುಳು.

ಗಣಕ ಮಾಡುವುದೇನು?

ಇಂದು ನಕ್ಷೆ ಬರೆಯಲು, ಮೂರು ಆಯಾಮದ ಮಾದರಿ ಕಟ್ಟಲು ಗಣಕವಿದೆ. ಭಾಗವನ್ನು ಸಾವಿರಾರು ಪುಟ್ಟ ತುಣುಕುಗಳಾಗಿ ವಿಂಗಡಿಸಿ ಪೀಡನವನ್ನು ಬಣ್ಣಗಳಲ್ಲಿ ತೋರಿಸುವ ತಂತ್ರಾಂಶಗಳಿವೆ. ಇವು ಬಹಳ ಉಪಯುಕ್ತ. ಆದರೆ ಬಲ ಎಲ್ಲಿ ಬೀಳುತ್ತದೆ, ಭಾಗ ಎಲ್ಲಿ ಹಿಡಿದು ನಿಂತಿದೆ ಎಂದು ಗಣಕಕ್ಕೆ ಹೇಳುವವರು ನಾವೇ. ಅದನ್ನು ತಪ್ಪಾಗಿ ಹೇಳಿದರೆ ಅಷ್ಟೇ ಚೆಂದದ ಬಣ್ಣಗಳಲ್ಲಿ ತಪ್ಪು ಉತ್ತರ ಬರುತ್ತದೆ. ಆದ್ದರಿಂದ ಕಾಗದದ ಮೇಲೆ ನಾಲ್ಕು ಸಾಲಿನ ಸ್ಥೂಲ ಲೆಕ್ಕ ಹಾಕಿ ಗಣಕದ ಉತ್ತರದೊಡನೆ ಹೋಲಿಸುವ ಅಭ್ಯಾಸವನ್ನು ಅನುಭವಿಗಳು ಬಿಡುವುದಿಲ್ಲ. ಕೊನೆಗೆ ಮಾದರಿಯೊಂದನ್ನು ಮಾಡಿ, ಪರೀಕ್ಷಿಸಿ, ಬೇಕೆಂದೇ ಮುರಿಯುವ ತನಕ ಬಲ ಹೇರಿ ನೋಡುತ್ತಾರೆ.

ಈ ವಿದ್ಯೆಗೆ ನಮ್ಮ ರಾಜ್ಯ ಹಳೆಯ ನೆಲೆ. 1953ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ವಿಟ್ಜರ್ಲೆಂಡಿನ ನೆರವಿನಿಂದ ಯಂತ್ರಗಳನ್ನು ಮಾಡುವ ಯಂತ್ರಗಳನ್ನೇ ತಯಾರಿಸತೊಡಗಿತು. 1962ರಲ್ಲಿ ಆರಂಭವಾದ, ಈಗ ಕೇಂದ್ರೀಯ ತಯಾರಿಕಾ ತಂತ್ರಜ್ಞಾನ ಸಂಸ್ಥೆ ಎಂದು ಕರೆಯುವ ಸಿಎಂಟಿಐ ತುಮಕೂರು ರಸ್ತೆಯಲ್ಲಿದೆ. ಅದು ಹೊರತಂದ ಯಂತ್ರೋಪಕರಣ ವಿನ್ಯಾಸದ ಕೈಪಿಡಿ ವಿನ್ಯಾಸಕಾರರಿಗೆ ಚಿರಪರಿಚಿತ. 1972ರಲ್ಲಿ ಡೆನ್ಮಾರ್ಕಿನ ಸಹಕಾರದೊಂದಿಗೆ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇಂದು ರಾಜ್ಯದ ಹಲವು ಊರುಗಳಲ್ಲಿ ಅಚ್ಚು ಮತ್ತು ಉಪಕರಣ ತಯಾರಿಕೆ ಕಲಿಸುತ್ತಿದೆ. ಈ ಕ್ಷೇತ್ರಕ್ಕೆ ಬರಬಯಸುವ ವಿದ್ಯಾರ್ಥಿಗಳು ತಂತ್ರಾಂಶದ ಜೊತೆಗೆ ಲೇತ್ ಮುಂದೆ ನಿಂತು ಕೈ ಕೊಳೆ ಮಾಡಿಕೊಳ್ಳುವುದನ್ನೂ ಕಲಿತರೆ ಒಳ್ಳೆಯದು.

ನೀವೇ ಮಾಡಿ ನೋಡಿ

ಶಾಲೆಯ ಪ್ರಯೋಗಾಲಯದಿಂದ ಒಂದು ವರ್ನಿಯರ್ ಕ್ಯಾಲಿಪರ್ ಪಡೆಯಿರಿ. ಹಾರ್ಡ್‌ವೇರ್ ಅಂಗಡಿಯಿಂದ ಒಂದೇ ಅಳತೆಯ ಹತ್ತು ವಾಷರುಗಳನ್ನು ತನ್ನಿ. ಪ್ರತಿಯೊಂದರ ದಪ್ಪವನ್ನು ಮೂರು ಕಡೆ ಅಳೆದು ಬರೆದಿಡಿ. ಮೂವತ್ತು ಅಂಕಿಗಳೂ ಒಂದೇ ಆಗಿವೆಯೇ? ಆಮೇಲೆ ಹತ್ತನ್ನೂ ಒಂದರ ಮೇಲೊಂದು ಇಟ್ಟು ಒಟ್ಟು ಎತ್ತರ ಅಳೆಯಿರಿ. ಅತಿ ತೆಳುವಾದ ವಾಷರಿನ ಹತ್ತು ಪಟ್ಟು, ಅತಿ ದಪ್ಪನೆಯದರ ಹತ್ತು ಪಟ್ಟು - ಈ ಎರಡರ ನಡುವೆ ನಿಮ್ಮ ಅಳತೆ ಎಲ್ಲಿ ಬಂತು? ಕೊನೆಗೆ ಆ ವಾಷರುಗಳಿಂದ ಒಂದು ಯಂತ್ರ ಮಾಡಬೇಕಿದ್ದರೆ ನಕ್ಷೆಯಲ್ಲಿ ಎಷ್ಟು ಸಹ್ಯಮಿತಿ ಬರೆಯುತ್ತೀರಿ, ಏಕೆ ಎಂದು ಯೋಚಿಸಿ. ಆ 'ಏಕೆ'ಗೆ ಕಾರಣ ಕೊಡಬಲ್ಲಿರಾದರೆ ವಿನ್ಯಾಸದ ಮೊದಲ ಪಾಠವನ್ನು ಕಲಿತಂತೆ.